ಅಂಗೈ ಮೀಟರ್: ಬ್ಯಾಡಗಿಯಿಂದ ಲಕ್ಕುಂಡಿವರೆಗೆ

ಬೆಳಕು ಅಳೆಯುವ ಮೀಟರ್ ಇಲ್ಲದೆ ಫಿಲ್ಮ್ ಕ್ಯಾಮೆರಾದಲ್ಲಿ ಫೋಟೊ ತೆಗೆಯುತ್ತೇನೆ ಅಂದಾಗ ಹುಬ್ಬಳ್ಳಿಯ ಗೆಳೆಯರು ಯಾರೂ ನಂಬಲಿಲ್ಲ. "ರೋಲಿಗೆ ಸಾವಿರದ ಹತ್ರ ಬೀಳ್ತೈತಿ, ಅಂದಾಜಿನ ಮ್ಯಾಲೆ ಯಾಕ್ ಸುಡ್ತೀಯೋ" ಅಂದರು. ಈಗ ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಕ್ಯಾಮೆರಾ ಎತ್ತುವ ಮೊದಲು "ಎಷ್ಟಕ್ಕ ಇಡೋಣು?" ಅಂತ ಅವರೇ ನನ್ನನ್ನು ಕೇಳುತ್ತಾರೆ.

ದುಡ್ಡು ಹೋಗಿದ್ದು ಮೀಟರ್ ನಂಬಿದ್ದಾಗ. ನನ್ನ ಹಳೇ ಎಸ್‌ಎಲ್‌ಆರ್‌ನ ಮೀಟರ್ 1.35 ವೋಲ್ಟಿನ ಪಾದರಸದ ಸೆಲ್‌ಗೆ ಮಾಡಿದ್ದು. ಅದು ಈಗ ಸಿಗಲ್ಲ. 1.5ರ ಆಲ್ಕಲೈನ್ ಹಾಕಿದರೆ ಬೆಳಕು ಜಾಸ್ತಿ ಇದೆ ಅಂತ ತೋರಿಸುತ್ತದೆ, ಫಿಲ್ಮ್‌ಗೆ ಬೆಳಕು ಸಾಲದೆ ನೆಗೆಟಿವ್ ತೆಳ್ಳಗೆ ಬರುತ್ತದೆ. ಕಿವಿ ಮಷೀನಿನ ಝಿಂಕ್ ಏರ್ ಸೆಲ್ 1.4ರ ಹತ್ತಿರ, ಅದು ಸರಿಹೋಯಿತು. ಆದರೆ ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ತಿಂಗಳಿಗೇ ಮುಗಿಯುತ್ತದೆ. ರಿಪೇರಿ, ಸೆಲ್, ಹಾಳಾದ ರೋಲು, ಲ್ಯಾಬಿಗೆ ಕೊರಿಯರ್ ಎಲ್ಲ ಸೇರಿ 15 ಸಾವಿರದ ಮೇಲೆ ಹೋಗಿರಬೇಕು.

ಸೆಲ್ ಸರಿ ಇದ್ದರೂ ಎದುರಿಗೆ ಏನಿದೆ ಅಂತ ಮೀಟರ್‌ಗೆ ಗೊತ್ತಾಗಲ್ಲ, ಎಲ್ಲವನ್ನೂ ನಡುಬೂದಿ ಬಣ್ಣ ಅಂದುಕೊಳ್ಳುತ್ತದೆ. ಧಾರವಾಡಿ ಎಮ್ಮೆ ಫ್ರೇಮ್ ತುಂಬ ನಿಂತರೆ ಬೂದಿ ಬಣ್ಣ. ಬಿಳಿ ಧೋತರ, ಟೊಪ್ಪಿಗೆಯ ರೈತರು ಸಾಲಾಗಿ ಕೂತರೂ ಅದೇ ಬೂದಿ.

ಹಾಗಾಗಿ ಅಂಗೈ. ವಿಷಯದ ಮೇಲೆ ಬೀಳುವ ಬೆಳಕೇ ಅಂಗೈ ಮೇಲೂ ಬೀಳಬೇಕು. ಬೆರಳು ಕೂಡಿಸಿ, ಫೋನಿನ ಮೀಟರ್ ಆ್ಯಪ್‌ನಿಂದ, ಫೋನಿನ ನೆರಳು ಬೀಳದಂತೆ, ಗೇಣುದ್ದದಿಂದ ಬೆಳಕು ಓದಿ, ಅಂಗೈ ಆ ಬೂದಿಗಿಂತ ಬೆಳ್ಳಗಿರುವುದರಿಂದ ಒಂದು ಸ್ಟಾಪ್ ತೆರೆಯಬೇಕು, ಅಂದರೆ ಬೆಳಕು ಎರಡರಷ್ಟು ಬಿಡಬೇಕು. ಓದುವ ಮೊದಲು ನನ್ನ ಅಂದಾಜು ಬರೆದಿಡುತ್ತಿದ್ದೆ. ಬರಬರುತ್ತಾ ಎರಡೂ ಹೊಂದತೊಡಗಿದವು, ಫೋನ್ ಜೇಬಿಗೆ ಹೋಯಿತು.

ಈಗ ನೆರಳಿನ ಅಂಚು ನೋಡಿದರೆ ಸಾಕು. ಐಎಸ್ಒ 400ರ ಫಿಲ್ಮ್, ಶಟರ್ 1/500 ಸೆಕೆಂಡ್. ಉಳಿದದ್ದು ಲೆನ್ಸ್‌ನ ತೆರವು, ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಅಂಚು ಚೂಪಾಗಿದ್ದರೆ ಎಫ್/16, ಮೆತ್ತಗಿದ್ದರೆ 11, ಕಂಡೂ ಕಾಣದಂತಿದ್ದರೆ 8, ನೆರಳೇ ಇಲ್ಲದಿದ್ದರೆ 5.6. ಸಂಶಯ ಬಂದರೆ ಒಂದು ಸ್ಟಾಪ್ ಜಾಸ್ತಿ ಕೊಡಿ, ನೆಗೆಟಿವ್ ತಡೆದುಕೊಳ್ಳುತ್ತದೆ. ರೋಲಿನ 36 ಫೋಟೊಗಳಲ್ಲಿ 30ರ ಮೇಲೆ ಪ್ರಿಂಟ್‌ಗೆ ಬರುತ್ತಿವೆ, ನಮ್ಮ ಗುಂಪಿನಲ್ಲಿ ಬೇರೆ ಯಾರಿಗೂ ಅಷ್ಟು ಬಂದಿಲ್ಲ. ಡೆವಲಪಿಂಗ್‌ನಲ್ಲೂ ಒಂದು ಸಣ್ಣ ಬದಲಾವಣೆ ಇದೆ, ಅದು ನನ್ನ ಹತ್ತಿರವೇ ಇರಲಿ.

ನಿಜಕ್ಕೂ ಕಷ್ಟ ಸಂಜೆಯದು. ಉಣಕಲ್ ಕೆರೆ ದಂಡೆಯಲ್ಲಿ ಬೆಳಕು ಎರಡು ಸ್ಟಾಪ್ ಇಳಿದರೂ ಕಣ್ಣು ಹೊಂದಿಕೊಂಡುಬಿಡುತ್ತದೆ, ಅಲ್ವಾ? ಆಗ ಗಡಿಯಾರ ನೋಡುತ್ತೇನೆ. ಸೂರ್ಯ ಮುಳುಗಲು ಒಂದು ಗಂಟೆ ಇದೆ ಅಂದರೆ ಒಂದು ಸ್ಟಾಪ್ ಸುಮ್ನೆ ತೆರೆದುಬಿಡುತ್ತೇನೆ.

ಬ್ಯಾಡಗಿಯಲ್ಲಿ ಇನ್ನೊಂದು ಪ್ರಯೋಗವೂ ಆಯಿತು. ಕೆಂಪು ಫಿಲ್ಟರ್ ಹಾಕಿ ಮೂರು ಸ್ಟಾಪ್ ತೆರೆದರೆ ಕಪ್ಪು ಬಿಳುಪಿನಲ್ಲಿ ಮೆಣಸಿನಕಾಯಿ ರಾಶಿ ಬೆಳ್ಳಗಾಗುತ್ತದೆ, ಹಸಿರು ಹಾಕಿದರೆ ಕಪ್ಪಗೆ. ನನಗೆ ಹಸಿರೇ ಇಷ್ಟ, ಒಂದೊಂದು ಕಾಯಿಯ ಸುಕ್ಕೂ ಹೊಳಪೂ ಬಿಡಿಯಾಗಿ ಕಾಣುತ್ತದೆ.

ಲಕ್ಕುಂಡಿಯ ಗುಡಿಗಳ ಒಳಗೆ ಮಾತ್ರ ಈಗಲೂ ಫೋನ್ ತೆಗೆಯುತ್ತೇನೆ. ಅಷ್ಟು ಕತ್ತಲಲ್ಲಿ ಅಂದಾಜು ನಡೆಯಲ್ಲ. ಶಟರ್ ಜಾಸ್ತಿ ಹೊತ್ತು ತೆರೆದಿಟ್ಟರೆ ಫಿಲ್ಮ್ ಬೆಳಕನ್ನು ನಿಧಾನವಾಗಿ ಹಿಡಿಯುತ್ತದೆ, ಹಾಗಾಗಿ ಎಚ್‌ಪಿ5 ಎಂಬ ಕಪ್ಪು ಬಿಳುಪು ಫಿಲ್ಮ್‌ಗೆ ಮೀಟರ್ 10 ಸೆಕೆಂಡ್ ಅಂದರೆ 20 ಕೊಡಬೇಕು, ಇಲ್ಲದಿದ್ದರೆ ಕಂಬದ ಕಡೆತವೆಲ್ಲ ನೆರಳಲ್ಲಿ ಮುಳುಗುತ್ತದೆ.