ಪಾಸ್‌ಪೋರ್ಟ್ ಬ್ರಿಟಿಷ್, ಫೀ ಮಾತ್ರ ಓವರ್‌ಸೀಸ್

2025ರ ಮಾರ್ಚ್ ಕೊನೆಯ ವಾರ. ಅಬುಧಾಬಿಯ ಫ್ಲ್ಯಾಟಿನಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಮಗಳು ಇದ್ದಕ್ಕಿದ್ದಂತೆ ಸುಮ್ಮನಾದಳು. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಿಂದ ಇ-ಮೇಲ್ ಬಂದಿತ್ತು. ಸೀಟು ಕೊಟ್ಟಿದ್ದರು. ಕೆಳಗೆ ಒಂದು ಸಾಲು: ಫೀ ಸ್ಟೇಟಸ್, ಓವರ್‌ಸೀಸ್.

"ಅಮ್ಮಾ, ನಾನು ಹುಟ್ಟಿದ್ದೇ ರೆಡಿಂಗ್‌ನಲ್ಲಿ ಅಲ್ವಾ? ನಾನು ಹೇಗೆ ಓವರ್‌ಸೀಸ್ ಆಗ್ತೀನಿ?"

ಆ ವರ್ಷ ಇಂಗ್ಲೆಂಡಿನಲ್ಲಿ ಹೋಮ್ ಫೀ, ಅಂದರೆ ಅಲ್ಲಿನವರೇ ಎಂದು ಒಪ್ಪಿದ ವಿದ್ಯಾರ್ಥಿಗಳ ಫೀ, ಹೆಚ್ಚೆಂದರೆ 9,535 ಪೌಂಡ್. ಅವಳ ಕೋರ್ಸಿಗೆ ಓವರ್‌ಸೀಸ್ ಫೀ 26,000 ಚಿಲ್ಲರೆ. ಮೂರು ವರ್ಷಕ್ಕೆ ವ್ಯತ್ಯಾಸ ಹತ್ತಿರ ಹತ್ತಿರ 50,000 ಪೌಂಡ್. ಜೊತೆಗೆ ಸರ್ಕಾರದ ಶಿಕ್ಷಣ ಸಾಲ, ಸ್ಟೂಡೆಂಟ್ ಫೈನಾನ್ಸ್ ಕೂಡ ಕೈತಪ್ಪುವ ಲಕ್ಷಣ. ಇವರು ಆಫೀಸಿನಿಂದ ಬಂದವರು ಬೂಟು ಬಿಚ್ಚದೆ ಅಲ್ಲೇ ಕೂತು ಇ-ಮೇಲ್ ಓದಿದರು. "ಏನೋ ತಪ್ಪಾಗಿದೆ, ಪಾಸ್‌ಪೋರ್ಟ್ ಕಾಪಿ ಕಳಿಸಿದರೆ ಸರಿಹೋಗುತ್ತೆ" ಅಂದರು. ಹಾಗಂತ ನಾನೂ ನಂಬಿದ್ದೆ. ಸರಿಹೋಗಲಿಲ್ಲ, ಯಾಕೆಂದರೆ ಅವರು ನೋಡುತ್ತಿದ್ದದ್ದು ಪಾಸ್‌ಪೋರ್ಟನ್ನಲ್ಲ.

ನಿಯಮವನ್ನು ನಾನು ಮೊದಲ ಸಲ ಗಮನವಿಟ್ಟು ಓದಿದ್ದು ಆ ರಾತ್ರಿ. ಕೋರ್ಸಿನ ಮೊದಲ ಶೈಕ್ಷಣಿಕ ವರ್ಷದ ಮೊದಲ ದಿನ ಯುಕೆಯಲ್ಲಿ ‘ಸೆಟಲ್ಡ್’ ಆಗಿರಬೇಕು, ಅಂದರೆ ಬ್ರಿಟಿಷ್ ಪೌರತ್ವವೋ ಇಂಡೆಫಿನಿಟ್ ಲೀವ್ ಟು ರಿಮೇನೋ (ಅವಧಿಯ ಮಿತಿಯಿಲ್ಲದೆ ನೆಲೆಸುವ ಅನುಮತಿ) ಇರಬೇಕು. ಅದು ನಮಗಿತ್ತು. ಅಷ್ಟೇ ಸಾಲದು, ಆ ದಿನಕ್ಕಿಂತ ಹಿಂದಿನ ಪೂರ್ತಿ ಮೂರು ವರ್ಷ ಯುಕೆಯಲ್ಲಿ ‘ಆರ್ಡಿನರಿಲಿ ರೆಸಿಡೆಂಟ್’, ಅಂದರೆ ಅಲ್ಲಿನ ಎಂದಿನ ನಿವಾಸಿ, ಆಗಿರಬೇಕು. ಶರತ್ಕಾಲದಲ್ಲಿ ಶುರುವಾಗುವ ಕೋರ್ಸಿಗೆ ಆ ಮೊದಲ ದಿನ ಸೆಪ್ಟೆಂಬರ್ 1. ಹಾಗಾಗಿ ಮಗಳ ಲೆಕ್ಕ 2022ರ ಸೆಪ್ಟೆಂಬರ್ 1ರಿಂದ 2025ರ ಆಗಸ್ಟ್ 31ರವರೆಗೆ. ಇವರ ಕಂಪನಿ ರೆಡಿಂಗ್ ಕಚೇರಿಯಿಂದ ಅಬುಧಾಬಿಗೆ ಡೆಪ್ಯುಟೇಶನ್ ಮೇಲೆ ಕಳಿಸಿ, ನಾವು ಯುಕೆ ಬಿಟ್ಟದ್ದು 2021ರ ಆಗಸ್ಟ್‌ನಲ್ಲಿ. ಅಂದರೆ ಲೆಕ್ಕಕ್ಕೆ ಬರುವ ಮೂರೂ ವರ್ಷ ಅವಳು ಇದ್ದದ್ದು ಅಬುಧಾಬಿಯಲ್ಲಿ.

ಕತೆ ಅಲ್ಲಿಗೇ ಮುಗಿಯುತ್ತಿತ್ತು, ಅದೇ ನಿಯಮದಲ್ಲಿ ಇನ್ನೊಂದು ಮಾತು ಇಲ್ಲದಿದ್ದರೆ. ವಿದ್ಯಾರ್ಥಿಯೋ, ಅವರ ಗಂಡ ಅಥವಾ ಹೆಂಡತಿಯೋ, ತಂದೆ ಅಥವಾ ತಾಯಿಯೋ ತಾತ್ಕಾಲಿಕವಾಗಿ ಹೊರದೇಶದಲ್ಲಿ ಕೆಲಸಕ್ಕಿದ್ದ ಕಾರಣಕ್ಕೇ ಯುಕೆಯಲ್ಲಿ ಇರಲಾಗಲಿಲ್ಲ ಎಂದಾದರೆ, ಆ ಅವಧಿಯಲ್ಲೂ ಅವರು ಅಲ್ಲೇ ವಾಸವಿದ್ದರೆಂದು ಪರಿಗಣಿಸಬೇಕು. ಹೊರಗೆ ಪೋಸ್ಟಿಂಗ್ ಆದ ಸೈನಿಕರ ಮಕ್ಕಳಿಗೂ ರಕ್ಷಣೆ ಇಂಥದೇ. ಇಡೀ ಪ್ರಕರಣ ನಿಂತಿರುವುದು ‘ತಾತ್ಕಾಲಿಕ’ ಎಂಬ ಒಂದು ಪದದ ಮೇಲೆ. ಎಷ್ಟು ವರ್ಷದವರೆಗೆ ತಾತ್ಕಾಲಿಕ ಎಂದು ನಿಯಮದಲ್ಲಿ ಅಂಕಿ ಇಲ್ಲ. ಅವರು ನೋಡುವುದು ಹೋದ ರೀತಿ, ಅಲ್ಲಿದ್ದ ರೀತಿ, ಹಿಂದಿರುಗುವ ಉದ್ದೇಶ. ಅದನ್ನೆಲ್ಲ ತೋರಿಸಬೇಕಾದವರು ನಾವು, ಅದೂ ಕಾಗದದಲ್ಲಿ.

ಇನ್ನು ‘ಆರ್ಡಿನರಿಲಿ ರೆಸಿಡೆಂಟ್’ ಅಂದರೇನು ಎಂಬುದಕ್ಕೆ ಇವತ್ತಿಗೂ ಎಲ್ಲರೂ ಹಿಡಿಯುವುದು ಶಾ ಮತ್ತು ಬಾರ್ನೆಟ್ ಕೌನ್ಸಿಲ್ ನಡುವಿನ ಮೊಕದ್ದಮೆಯನ್ನು. ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಲಾರ್ಡ್ ಸ್ಕಾರ್ಮನ್ ಕೊಟ್ಟ ವ್ಯಾಖ್ಯಾನದ ತಿರುಳು ಇಷ್ಟು: ಸ್ವಂತ ಇಚ್ಛೆಯಿಂದ, ಒಂದು ನಿಶ್ಚಿತ ಉದ್ದೇಶಕ್ಕಾಗಿ, ಸದ್ಯದ ಬದುಕಿನ ಎಂದಿನ ಕ್ರಮವೆಂಬಂತೆ ನೆಲೆಸಿರುವುದು. ಆ ಮೊಕದ್ದಮೆಯೂ ವಿದ್ಯಾರ್ಥಿಗಳ ಅನುದಾನದ್ದೇ. ಓದುವುದೂ ಒಂದು ನಿಶ್ಚಿತ ಉದ್ದೇಶವೇ ಎಂದು ಆಗ ವಿದ್ಯಾರ್ಥಿಗಳು ಗೆದ್ದರು. ಸರ್ಕಾರ ಸುಮ್ಮನಿರುತ್ತದೆಯೇ? ಆ ಮೂರು ವರ್ಷದ ವಾಸ ‘ಸಂಪೂರ್ಣವಾಗಿ ಅಥವಾ ಮುಖ್ಯವಾಗಿ’ ಪೂರ್ಣಾವಧಿ ಓದಿಗಾಗಿ ಆಗಿರಬಾರದು ಎಂಬ ಷರತ್ತು ನಿಯಮದೊಳಗೆ ಬಂತು.

ಆ ಷರತ್ತಿಗೆ ಸಿಕ್ಕಿಬಿದ್ದವರು ನಮ್ಮ ಪರಿಚಯದ ಒಂದು ಕುಟುಂಬ. ಸಿಂಗಾಪುರದಲ್ಲಿ ಕಾಯಂ ಕೆಲಸ, ಅಲ್ಲೇ ಮನೆ. "ಮೂರು ವರ್ಷ ತಾನೇ ಬೇಕು" ಎಂದು ಮಗನನ್ನು ಹದಿನಾಲ್ಕನೇ ವಯಸ್ಸಿಗೇ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಹಾಕಿದರು. ರಜೆ ಬಂತೆಂದರೆ ಹುಡುಗ ಸಿಂಗಾಪುರಕ್ಕೆ. ನಾಲ್ಕು ವರ್ಷ ಬೋರ್ಡಿಂಗ್ ಫೀ ಸುರಿದ ಮೇಲೆ ಸಿಕ್ಕ ಉತ್ತರ: ಅವನು ಇಲ್ಲಿದ್ದದ್ದು ಓದಲಿಕ್ಕೆ, ಮನೆ ಸಿಂಗಾಪುರ, ಆದ್ದರಿಂದ ಓವರ್‌ಸೀಸ್. ನಾಲ್ಕು ವರ್ಷ ಇಂಗ್ಲೆಂಡಿನ ನೆಲದಲ್ಲೇ ಇದ್ದ ಹುಡುಗ ಸೋತ. ಲೆಕ್ಕದ ಆ ಮೂರರಲ್ಲಿ ಒಂದು ವರ್ಷವೂ ಇರದ ನಮ್ಮ ಮಗಳಿಗೆ ದಾರಿ ಇತ್ತು. ನ್ಯಾಯವೋ ಅನ್ಯಾಯವೋ, ನಿಯಮದ ಸ್ವಭಾವವೇ ಹೀಗೆ.

ನಮ್ಮ ತಪ್ಪು ಎಲ್ಲಾಯಿತು? ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯ ಒಂದು ಫೀ ಸ್ಟೇಟಸ್ ಪ್ರಶ್ನಾವಳಿ ಕಳಿಸಿತ್ತು. ಮಗಳು ಅದನ್ನು ಶಾಲೆಯ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೇ ತುಂಬಿದ್ದಳು. ‘ಯುಕೆಯಿಂದ ಹೊರಗಿದ್ದ ಕಾರಣ’ ಎಂಬಲ್ಲಿ ಅವಳು ಬರೆದದ್ದು: ‘2021ರಿಂದ ಮನೆಯವರ ಜೊತೆ ಅಬುಧಾಬಿಯಲ್ಲಿ ವಾಸ.’ ಸುಳ್ಳೇನಲ್ಲ. ಆದರೆ ಅಪ್ಪನ ಕೆಲಸದ ಮಾತಿಲ್ಲ, ಡೆಪ್ಯುಟೇಶನ್ ಮಾತಿಲ್ಲ, ಅವಧಿ ಇಲ್ಲ, ವಾಪಸ್ ಬರುವ ಸುದ್ದಿ ಇಲ್ಲ. ಓದಿದವರಿಗೆ ಮನೆಮಠ ಕಿತ್ತುಕೊಂಡು ಹೋದವರಂತೆಯೇ ಕಂಡಿರಬೇಕು.

ಅದರ ಜೊತೆಗೆ ಲಗತ್ತಿಸಿದ್ದ ಎಚ್‌ಆರ್ ಪತ್ರ ಇನ್ನೂ ಕೆಟ್ಟದ್ದು. ಇವರು ‘ಒಂದು ಲೆಟರ್ ಕೊಡಿ’ ಅಂದಿದ್ದಾರೆ, ಅವರು ಬ್ಯಾಂಕಿಗೆ, ಬಾಡಿಗೆ ಮನೆಗೆ ಕೊಡುವ ಮಾಮೂಲಿ ಪತ್ರ ಕೊಟ್ಟಿದ್ದಾರೆ. ಅದರಲ್ಲಿ ಇದ್ದ ಸಾಲು: ‘ಅಬುಧಾಬಿ ಕಚೇರಿಯಲ್ಲಿರುವ ನಮ್ಮ ಪರ್ಮನೆಂಟ್ ಉದ್ಯೋಗಿ.’ ಕಂಪನಿಯ ಭಾಷೆಯಲ್ಲಿ ಪರ್ಮನೆಂಟ್ ಅಂದರೆ ಪ್ರೊಬೇಷನ್ ಮುಗಿದ, ಗುತ್ತಿಗೆಯಲ್ಲದ ನೌಕರ. ಫೀ ನಿರ್ಧರಿಸುವವರ ಕಣ್ಣಿಗೆ ಅದು ಅಬುಧಾಬಿಯಲ್ಲಿ ಕಾಯಂ. ನಾವು ತಾತ್ಕಾಲಿಕ ಎಂದು ಸಾಧಿಸಬೇಕಾದದ್ದನ್ನು ನಮ್ಮದೇ ಪತ್ರ ಕಾಯಂ ಎಂದು ಹೇಳುತ್ತಿತ್ತು. ಅದನ್ನು ಕಂಡಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತೀರ್ಮಾನ ಮರುಪರಿಶೀಲಿಸಿ ಎಂದು ಕೇಳಲು ಅವಕಾಶವಿತ್ತು. ಎರಡು ವಾರ ರಜೆ ಹಾಕಿದವಳ ಹಾಗೆ ಅದೇ ಕೆಲಸ ಮಾಡಿದೆ. ಮೊದಲು ಎಚ್‌ಆರ್ ಪತ್ರ. ಈ ಸಲ ಏನೇನು ಬರಬೇಕೆಂದು ನಾನೇ ಬರೆದುಕೊಟ್ಟೆ: ರೆಡಿಂಗ್ ಕಚೇರಿಯ ಮೂಲ ಹುದ್ದೆ, ಡೆಪ್ಯುಟೇಶನ್ ಶುರುವಾದ ದಿನ, 2023ರಲ್ಲಿ ಆದ ಎರಡು ವರ್ಷದ ವಿಸ್ತರಣೆ, ಮುಗಿಯುವ ದಿನ, ಯುಕೆ ಒಪ್ಪಂದ ಇನ್ನೂ ಜೀವಂತವಾಗಿರುವುದು, ಯುಕೆ ಪೆನ್ಷನ್‌ಗೆ ಹಣ ಕಟ್ಟುತ್ತಿರುವುದು, ಅವಧಿ ಮುಗಿದ ಮೇಲೆ ಮೂಲ ಕಚೇರಿಗೇ ಮರಳಬೇಕೆಂಬ ಷರತ್ತು. ಎಚ್‌ಆರ್‌ನ ಹುಡುಗಿ ಒಳ್ಳೆಯವಳು, ಮೂರು ಸಲ ತಿದ್ದಿಕೊಟ್ಟಳು. 2021ರ ಮೂಲ ಡೆಪ್ಯುಟೇಶನ್ ಪತ್ರ ಮಾತ್ರ ಇವರ ಹತ್ತಿರ ಇರಲಿಲ್ಲ. ಇವರಿಗೆ ಇನ್‌ಬಾಕ್ಸ್ ಗುಡಿಸುವ ಚಟ. ಅದೃಷ್ಟಕ್ಕೆ ಆಗ ಸಾಮಾನು ಸಾಗಿಸಿದವರಿಗೆ ಕಳಿಸಲೆಂದು ನನಗೊಂದು ಪ್ರತಿ ಫಾರ್ವರ್ಡ್ ಮಾಡಿದ್ದರು, ನನ್ನ ಮೇಲ್‌ನಲ್ಲಿ ಸಿಕ್ಕಿತು.

ಆಮೇಲೆ ರೆಡಿಂಗ್ ಮನೆ. ಮಾರಿರಲಿಲ್ಲ, ಬಾಡಿಗೆಗೆ ಕೊಟ್ಟಿದ್ದೆವು. ಬಾಡಿಗೆಗೆ ಕೊಟ್ಟರೆ ಮನೆ ಬಿಟ್ಟಂತೆ ಅಂದುಕೊಳ್ಳುತ್ತಾರೇನೋ ಎಂಬ ಭಯವಿತ್ತು. ಆದರೆ ಕರಾರು ಪ್ರತಿ ಸಲ ಹನ್ನೆರಡೇ ತಿಂಗಳಿನದು, ವಾಪಸ್ ಬಂದಾಗ ನಾವೇ ಇರುವ ಉದ್ದೇಶದಿಂದ ಏಜೆಂಟರಿಗೆ ಬರೆದ ಮೇಲ್‌ಗಳೂ ಇದ್ದವು. ಸೋಫಾ, ಪುಸ್ತಕ, ಮಕ್ಕಳ ಸೈಕಲ್ಲು ಇಟ್ಟಿದ್ದ ಸ್ಟೋರೇಜಿನ ತಿಂಗಳ ಬಿಲ್ಲು ಕೂಡ ಸೇರಿಸಿದೆ. ಸುಮ್ಮನೆ ದುಡ್ಡು ದಂಡ ಎಂದು ಎಷ್ಟೋ ಸಲ ಗೊಣಗಿದ್ದ ಬಿಲ್ಲು ಅದು. ಬೇಸಿಗೆಯಲ್ಲಿ ಬಂದುಹೋದ ಟಿಕೆಟ್‌ಗಳು, ಚಾಲ್ತಿಯಲ್ಲಿದ್ದ ಬ್ಯಾಂಕ್ ಖಾತೆ, ಕೆಲಸಕ್ಕೆ ಅಂಟಿಕೊಂಡೇ ಇರುವ ಯುಎಇ ವೀಸಾ. ಎಲ್ಲದರ ಮೇಲೆ ಒಂದೂವರೆ ಪುಟದ ಪತ್ರ, ದಿನಾಂಕದ ಕ್ರಮದಲ್ಲಿ, ಭಾವನೆ ಬೆರೆಸದೆ. ‘ನಾವು ತೆರಿಗೆ ಕಟ್ಟಿದವರು’ ಎಂದು ಇವರು ಸೇರಿಸಲು ಹೊರಟಿದ್ದ ಪ್ಯಾರಾವನ್ನು ನಾನು ತೆಗೆದುಹಾಕಿದೆ. ತೆರಿಗೆಗೂ ಇದಕ್ಕೂ ಸಂಬಂಧವಿಲ್ಲ. ಯುಕೆಸಿಐಎಸ್‌ಎ ಎಂಬ ಸಂಸ್ಥೆ ಫೀ ಸ್ಟೇಟಸ್ ಕುರಿತು ಪ್ರಕಟಿಸುವ ವಿವರಣೆ ನನಗೆ ತುಂಬ ನೆರವಾಯಿತು. ಯಾವ ವರ್ಗದಲ್ಲಿ ಬರುತ್ತೇವೆಂದು ಅದರ ಪದಗಳಲ್ಲೇ ಹೇಳಿದೆ.

ಏಪ್ರಿಲ್ ಕೊನೆಗೆ ಉತ್ತರ ಬಂತು: ಹೋಮ್.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಫೀ ಎಷ್ಟು ಎಂದು ಹೇಳುವುದು ವಿಶ್ವವಿದ್ಯಾಲಯ, ಸಾಲ ಕೊಡಬೇಕೋ ಬೇಡವೋ ಎನ್ನುವುದು ಸ್ಟೂಡೆಂಟ್ ಫೈನಾನ್ಸ್ ಇಂಗ್ಲೆಂಡ್. ಎರಡಕ್ಕೂ ನಿಯಮದ ಪುಸ್ತಕವೇ ಬೇರೆ: ಫೀಗೆ 2007ರ ನಿಯಮಾವಳಿ, ಸಾಲಕ್ಕೆ 2011ರದು. ಮಾತು ಹೆಚ್ಚುಕಮ್ಮಿ ಒಂದೇ, ಆದರೆ ಒಬ್ಬರ ತೀರ್ಮಾನ ಇನ್ನೊಬ್ಬರನ್ನು ಕಟ್ಟಿಹಾಕುವುದಿಲ್ಲ. ಅದೇ ಕಾಗದದ ಕಟ್ಟನ್ನು ಅಲ್ಲಿಗೂ ಕಳಿಸಿದೆವು. ಈ ಸಲ ಮೂರು ವರ್ಷದ ವಾಸದ ವಿವರವನ್ನು ಮಗಳು ನನ್ನ ಪಕ್ಕ ಕೂತು ತುಂಬಿದಳು, ಪ್ರತಿ ಅವಧಿಯ ಎದುರೂ ‘ತಂದೆಯ ತಾತ್ಕಾಲಿಕ ಉದ್ಯೋಗ’ ಎಂದು.

ಟ್ಯೂಷನ್ ಫೀ ಸಾಲಕ್ಕೆ ಮನೆಯ ಆದಾಯ ನೋಡುವುದಿಲ್ಲ. ಅದು ಮಗಳ ಕೈಗೂ ಬರುವುದಿಲ್ಲ, ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಖರ್ಚಿಗೆ ಕೊಡುವ ಮೇಂಟೆನೆನ್ಸ್ ಸಾಲ ಮಾತ್ರ ಆದಾಯದ ಮೇಲೆ ನಿಂತಿದೆ. 2025-26ರಲ್ಲಿ ಮನೆಯಿಂದ ಹೊರಗೆ, ಲಂಡನ್ನಿನ ಆಚೆ ಇರುವವರಿಗೆ ಗರಿಷ್ಠ 10,544 ಪೌಂಡ್, ಲಂಡನ್ನಿನಲ್ಲಾದರೆ 13,762. ಪೂರ್ತಿ ಸಿಗಬೇಕಾದರೆ ಮನೆಯ ಆದಾಯ 25,000ದ ಒಳಗಿರಬೇಕು. ಹೊರದೇಶದ ದುಡಿಮೆ ಯುಕೆ ತೆರಿಗೆಗೆ ಬರುವುದಿಲ್ಲ, ಹಾಗಾಗಿ ತೋರಿಸಬೇಕಿಲ್ಲ ಎಂದು ಕೆಲವರು ಹೇಳಿದರು. ತಪ್ಪು. ಎಲ್ಲಿ ದುಡಿದರೂ ತೋರಿಸಬೇಕು. ಯುಎಇಯಲ್ಲಿ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಪಿ60 (ವರ್ಷದ ಸಂಬಳ, ತೆರಿಗೆಯ ಯುಕೆ ಪ್ರಮಾಣಪತ್ರ) ತರಹದ ಕಾಗದವೂ ಇಲ್ಲ. ಸ್ಯಾಲರಿ ಸರ್ಟಿಫಿಕೇಟ್ ಕೊಟ್ಟು, 2023-24ರ ಸಂಬಳವನ್ನು ದಿರ್ಹಮ್‌ನಿಂದ ಪೌಂಡಿಗೆ ಬದಲಿಸಿ, ರೆಡಿಂಗ್ ಬಾಡಿಗೆಯನ್ನೂ ಸೇರಿಸಿ ತೋರಿಸಿದೆವು. ಮಗಳಿಗೆ ಸಿಕ್ಕಿದ್ದು ಕನಿಷ್ಠ ಮೊತ್ತ. ಉಳಿದದ್ದು ನಾವು ಕೊಡಬೇಕು, ಅದರಲ್ಲಿ ದೂರುವಂಥದ್ದೇನಿಲ್ಲ.

ನನ್ನನ್ನು ಈಗ ಕೇಳುವವರು ಹೆಚ್ಚಾಗಿ ಕೇಳುವುದು, "ಕೋರ್ಸ್ ಶುರುವಾದ ಮೇಲೆ ಮೂರು ವರ್ಷ ಆಗುತ್ತಲ್ಲ, ಆಗ ಹೋಮ್ ಆಗಲ್ವಾ?" ಎಂದು. ಆಗುವುದಿಲ್ಲ. ಲೆಕ್ಕ ಮೊದಲ ದಿನದಿಂದ ಹಿಂದಕ್ಕೆ ಮಾತ್ರ. ಜರ್ಮನಿಯಲ್ಲಿರುವ ಗೆಳತಿಯ ಮನೆಯದು ಬೇರೆ ದಾರಿ: 2020ರ ಡಿಸೆಂಬರ್ 31ಕ್ಕೆ ಮೊದಲೇ ಯುರೋಪಿನಲ್ಲಿ ನೆಲೆಸಿದ್ದ ಬ್ರಿಟಿಷರಿಗೆ ಬ್ರೆಕ್ಸಿಟ್ ನಂತರದ ರಿಯಾಯಿತಿ ಇದೆ, ಆದರೆ ಕೋರ್ಸ್ 2028ರ ಜನವರಿ 1ಕ್ಕೆ ಮೊದಲು ಶುರುವಾಗಬೇಕು. ಗಲ್ಫ್‌ನವರಿಗೆ ಅದು ಇಲ್ಲ. ಸ್ಕಾಟ್ಲೆಂಡಿನವರದು ಸಾಸ್ ಎಂಬ ಪ್ರತ್ಯೇಕ ಸಂಸ್ಥೆ, ಅಲ್ಲಿನ ವಿಚಾರ ನನ್ನ ಅನುಭವಕ್ಕೆ ಬಂದಿಲ್ಲ.

ಜೂನ್‌ನಲ್ಲಿ ಇವರಿಗೆ ಕಂಪನಿ ಹೊಸದೊಂದು ಆಸೆ ತೋರಿಸಿತು. ಡೆಪ್ಯುಟೇಶನ್ ಮುಗಿಸಿ ಅಬುಧಾಬಿಯ ಲೋಕಲ್ ಕಾಂಟ್ರ್ಯಾಕ್ಟಿಗೆ ಬನ್ನಿ, ಸಂಬಳ ಜಾಸ್ತಿ, ಅವಧಿಯ ಮಿತಿ ಇಲ್ಲ. ಮೂರು ತಿಂಗಳ ಹಿಂದಾಗಿದ್ದರೆ ಪಾಯಸ ಮಾಡುತ್ತಿದ್ದೆ. ಈಗ ನನಗೆ ಕಂಡದ್ದು ‘ಮಿತಿ ಇಲ್ಲ’ ಎಂಬ ಎರಡು ಪದ. ಅವಳ ತಮ್ಮನ ಮೂರು ವರ್ಷದ ಲೆಕ್ಕ ಶುರುವಾಗುವುದು 2025ರ ಸೆಪ್ಟೆಂಬರ್ 1ರಿಂದ, ಅವನು ಕಾಲೇಜಿಗೆ ಹೋಗುವುದು 2028ರ ಸೆಪ್ಟೆಂಬರ್‌ನಲ್ಲಿ. ಅಪ್ಪ ಲೋಕಲ್ ನೌಕರನಾದರೆ ಅವನಿಗೆ ‘ತಾತ್ಕಾಲಿಕ’ ಎಂಬ ಆಸರೆ ಇರುವುದಿಲ್ಲ. ಇವರು ಒಂದು ವಾರ ಯೋಚಿಸಿದರು. ಕೊನೆಗೆ ಒಪ್ಪಲಿಲ್ಲ, ಡೆಪ್ಯುಟೇಶನ್ನನ್ನೇ ಇನ್ನೊಂದು ವರ್ಷ ಮುಂದುವರಿಸಿಕೊಂಡರು. ನಾನು ಮಕ್ಕಳಿಬ್ಬರನ್ನೂ ಕರೆದುಕೊಂಡು ರೆಡಿಂಗ್‌ಗೆ ಮರಳುವುದೆಂದಾಯಿತು. ಬಾಡಿಗೆದಾರರಿಗೆ ನೋಟಿಸ್ ಕೊಟ್ಟೆವು. ಮಗ ಇಲ್ಲಿ ಇಯರ್ 11ಕ್ಕೆ ಸೇರಿದ.

ವಿಮಾನ ಹತ್ತಿದ್ದು 2025ರ ಆಗಸ್ಟ್ 24ರಂದು. ಟಿಕೆಟ್ ಸೆಪ್ಟೆಂಬರ್ ಮೊದಲ ವಾರಕ್ಕೆ ಅಗ್ಗವಿತ್ತು, ಇವರು ಅದನ್ನೇ ಬುಕ್ ಮಾಡಲು ಹೊರಟಿದ್ದರು, ನಾನು ಬಿಡಲಿಲ್ಲ. ಹೀಥ್ರೂದಲ್ಲಿ ಇಳಿದ ಮೇಲೆ ಮಗ ತನ್ನ ಬೋರ್ಡಿಂಗ್ ಪಾಸನ್ನು ಮಡಚಿ ಕಸದ ಬುಟ್ಟಿಗೆ ಹಾಕಲು ಹೋದ. ಅಕ್ಕನೇ ಅವನ ಕೈಹಿಡಿದಳು. "ಕೊಡೋ ಇಲ್ಲಿ, ಅಮ್ಮನ ಫೈಲಿಗೆ ಬೇಕು."