ಪರ್ಷಿಯನ್ ಬೆಕ್ಕಿನ ಮರಿ ಮಾಡಿಸುವವರು ಮೊದಲೇ ಮಾಡಿಟ್ಟುಕೊಳ್ಳಬೇಕಾದದ್ದು

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 2008ರಲ್ಲಿ ಬಂದ ಕಾನೂನಿನ ಪ್ರಕಾರ ನಾಲ್ಕು ತಿಂಗಳು ದಾಟಿದ ಬೆಕ್ಕಿಗೆ ಸಂತಾನಹರಣ ಆಪರೇಷನ್ ಕಡ್ಡಾಯ. ತಳಿ ನೋಂದಣಿ ಇದ್ದು ಪ್ರದರ್ಶನಕ್ಕೆ ಹೋಗುವ ಬೆಕ್ಕಿಗೆ ವಿನಾಯಿತಿ. ಅಂದರೆ ಕಾಗದಪತ್ರವೇ ಮುಖ್ಯ ಅಲ್ವಾ? ಜಯನಗರದ ನಮ್ಮ ಮನೆಯಲ್ಲಿ ಪ್ರತಿ ಪರ್ಷಿಯನ್‌ಗೂ ಒಂದು ಫೈಲ್ ಇದೆ: ವಂಶಾವಳಿ, ಮೈಕ್ರೋಚಿಪ್ ನಂಬರ್, ಲಸಿಕೆ ಕಾರ್ಡ್, ಪಿಕೆಡಿ ಡಿಎನ್‌ಎ ವರದಿ. ಪಿಕೆಡಿ ಕಿಡ್ನಿಯಲ್ಲಿ ನೀರುಗುಳ್ಳೆ ತರುವ ಕಾಯಿಲೆ. ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು. ಅದಿರುವ ಬೆಕ್ಕಿನಿಂದ ಮರಿ ಬೇಡವೇ ಬೇಡ.

ಸಾಕಲು ಮಾತ್ರ ಕೊಡುವ ಮರಿಗೆ ಆಪರೇಷನ್ ಮಾಡಿಸಿಯೇ ಕೊಡಿ. ಹೆಣ್ಣು ನಾಲ್ಕೇ ತಿಂಗಳಿಗೆ ಬೆದೆಗೆ ಬರಬಹುದು. ‘ಆಮೇಲೆ ಮಾಡಿಸ್ತೀವಿ’ ಅನ್ನುವವರು ಮರೆಯುವುದೇ ಜಾಸ್ತಿ. ಆಪರೇಷನ್‌ಗೆ ಮುಂಚೆ ಮರಿಯನ್ನು ರಾತ್ರಿಯಿಡೀ ಉಪವಾಸ ಕೆಡವಬೇಡಿ, ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ಎಷ್ಟು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು ಅಂತ ಡಾಕ್ಟರನ್ನೇ ಕೇಳಿ. ಆಪರೇಷನ್ ಖರ್ಚನ್ನು ಮರಿಯ ಬೆಲೆಯಲ್ಲೇ ಸೇರಿಸಿ.