ಪಂಪನಿಂದ ತಪ್ಪಿಸಿಕೊಂಡು ಕಾದಂಬರಿಗೆ, ಕಾದಂಬರಿಯಿಂದ ಮತ್ತೆ ಪಂಪನಿಗೆ

ಎಂ.ಎ. ಕನ್ನಡಕ್ಕೆ ಸೇರಿದಾಗ ನಮ್ಮನೆಯವರ ಲೆಕ್ಕಾಚಾರ ಒಂದೇ: ಇವಳಿಗಿನ್ನೇನು, ಎರಡು ವರ್ಷ ಕತೆಪುಸ್ತಕ ಓದ್ಕೊಂಡು ಆರಾಮಾಗಿರ್ತಾಳೆ. ಕೈಗೆ ಬಂದದ್ದು ಹಳಗನ್ನಡ, ಛಂದಸ್ಸು, ಶಾಸನ, ಕಾವ್ಯಮೀಮಾಂಸೆ. ಕತೆಪುಸ್ತಕಕ್ಕೆ ಬೇಕಾದ ಹೊತ್ತನ್ನು ನಾನು ಅಸೈನ್‌ಮೆಂಟ್‌ಗಳಿಂದ ಕದಿಯಬೇಕಾಯಿತು.

ಮೊದಲ ಸೆಮಿಸ್ಟರಿನಲ್ಲಿ ನನಗೆ ಸಿಕ್ಕ ವಿಷಯ ‘ಪಂಪನ ಕರ್ಣ’. ಪಂಪಭಾರತ ಅಂತಲೂ ಕರೆಯುವ ಅವನ ವಿಕ್ರಮಾರ್ಜುನ ವಿಜಯ ಹುಟ್ಟಿದ್ದು ಕ್ರಿ.ಶ. 941ರ ಸುಮಾರಿನಲ್ಲಿ. ಸಾವಿರ ವರ್ಷ ಕಾದವನಿಗೆ ಇನ್ನೊಂದು ವಾರ ಭಾರವೇ ಅನ್ನುವುದು ನನ್ನ ವಾದ. ಡಿ.ಎಲ್. ನರಸಿಂಹಾಚಾರ್ ಅವರ ‘ಪಂಪಭಾರತ ದೀಪಿಕೆ’ ತರೋಣವೆಂದು ಲೈಬ್ರರಿಗೆ ಹೋದೆ. ಅದು ಪಕ್ಕದಲ್ಲಿಲ್ಲದೆ ನನ್ನಂಥವರಿಗೆ ಒಂದು ಪದ್ಯವೂ ಬಿಡಿಸಲು ಬಾರದು. ದೀಪಿಕೆಯ ಜೊತೆಗೆ ‘ಮಲೆಗಳಲ್ಲಿ ಮದುಮಗಳು’ ಕೂಡ ಹಾಸ್ಟೆಲಿಗೆ ಬಂತು. ಯಾವುದನ್ನು ಮೊದಲು ತೆರೆದೆ ಅಂತ ಹೇಳಬೇಕಾಗಿಲ್ಲ.

1967ರಲ್ಲಿ ಬಂದ ಆ ಕಾದಂಬರಿ ದಿಂಬಿನಷ್ಟು ದಪ್ಪ. ಜನ ವಿಪರೀತ, ಮನೆಗಳು ವಿಪರೀತ. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ ಒಂದರೊಳಗೊಂದು ಕಲಸಿಹೋಗತೊಡಗಿದಾಗ ಅಸೈನ್‌ಮೆಂಟಿಗೆಂದು ಕೊಂಡಿದ್ದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದೊಂದು ಮನೆಗೊಂದು ಚೌಕ ಬರೆದು, ಯಾರು ಯಾರಿಗೆ ಏನಾಗಬೇಕು ಅಂತ ಗೆರೆ ಎಳೆದೆ. ಅದೇ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ‘ಪಂಪನ ಕರ್ಣ’ ಎಂಬ ಶೀರ್ಷಿಕೆ, ಕೆಳಗೆ ಎರಡು ಸಲ ತಿದ್ದಿದ ಅಡಿಗೆರೆ, ಅಷ್ಟೇ. ಕಾದಂಬರಿಯಲ್ಲಿ ಗುತ್ತಿಯ ನಾಯಿ ‘ಹುಲಿಯ’ ತುಂಗಾ ಹೊಳೆಯ ಪಾಲಾದ ರಾತ್ರಿ ನಾನು ಬಿಕ್ಕುತ್ತಿದ್ದದ್ದು ಕೇಳಿ ರೂಮ್‌ಮೇಟ್ ಎದ್ದು ಕೂತಳು.

“ಏನೇ ಆಯ್ತು? ಇಂಟರ್ನಲ್ಸ್ ಮಾರ್ಕ್ಸ್ ಹಾಕಿದ್ರಾ?”

“ಹುಲಿಯ ಹೋಯ್ತು ಕಣೇ.”

“ಯಾವ ಹುಲಿಯ? ನಿಮ್ಮನೇಲಿ ನಾಯಿ ಇತ್ತಾ?”

ಅಸೈನ್‌ಮೆಂಟನ್ನು ಕಡೆಗೆ ಎರಡು ರಾತ್ರಿ ಕೂತು ಮುಗಿಸಿದೆ. ಚೆನ್ನಾಗಿಯೇನೂ ಇರಲಿಲ್ಲ, ಮೇಡಂ ಏನೂ ಅನ್ನಲೂ ಇಲ್ಲ.

ನಿಜವಾದ ತಮಾಷೆ ಮೂರನೇ ಸೆಮಿಸ್ಟರಿನಲ್ಲಿ. ಕಾದಂಬರಿ ಪತ್ರಿಕೆಯಲ್ಲಿ ಅದೇ ಮದುಮಗಳು ಪಠ್ಯ. ನಾನು ನಿದ್ದೆಗೆಟ್ಟು ಓದಿದ ಪುಸ್ತಕ, ಈಗ ‘ಪಾತ್ರಬಾಹುಳ್ಯವನ್ನು ವಿಮರ್ಶಿಸಿ’ ಅನ್ನುವ ಪ್ರಶ್ನೆ ಹೊತ್ತು ಮೇಜಿನ ಮೇಲೆ ಕೂತರೆ ನಾಲ್ಕು ಪುಟ ದಾಟಲಾಗಲಿಲ್ಲ. ಆಗ ತಪ್ಪಿಸಿಕೊಳ್ಳಲು ಕೈಗೆ ಸಿಕ್ಕಿದ್ದು, ನಂಬಿದರೆ ನಂಬಿ, ಪಂಪಭಾರತ. ಪರೀಕ್ಷೆಯಿಲ್ಲ, ಕೇಳುವವರಿಲ್ಲ. ‘ನೆನೆಯದಿರಣ್ಣ’ ಪದ್ಯ ತೆಗೆದು, ಪೆನ್ಸಿಲಿನಲ್ಲಿ ಲಘು ಗುರು ಹಾಕುತ್ತಾ ಹೋದೆ: ನೆ-ನೆ-ಯ ಮೂರೂ ಲಘು, ನಗಣ, ದಿ-ರಣ್-ಣ ಜಗಣ, ಭಾ-ರ-ತ ಭಗಣ. ಸಾಲು ಮುಗಿಯುವಷ್ಟರಲ್ಲಿ 21 ಅಕ್ಷರದ ಚಂಪಕಮಾಲೆ. ಮೊದಲ ಸೆಮಿಸ್ಟರಿನಲ್ಲಿ ಇದೇ ಪ್ರಸ್ತಾರ ಹಾಕುವಾಗ ಆಕಳಿಕೆ ಬಂದಿತ್ತು. ಈಗ ಮುಂದಿನ ಪದ್ಯಕ್ಕೂ ಹಾಕಿದೆ, ಅದರ ಮುಂದಿನದಕ್ಕೂ. ಊಟದ ಹೊತ್ತು ಮೀರಿ ಮೆಸ್ಸಿನಲ್ಲಿ ಬರೀ ಸಾರು ಉಳಿದಿತ್ತು.

ಅಲ್ಲಿಂದಾಚೆ ಟೈಂಟೇಬಲ್ ಹಾಕಿಕೊಳ್ಳುವ ಗೊಡವೆ ಬಿಟ್ಟೆ. ನನಗೆ ಕೆಲಸ ತಪ್ಪಿಸುವುದು ಬರುತ್ತದೆ, ಅದನ್ನೇ ಸರಿಯಾಗಿ ಮಾಡೋಣ ಅಂತ ಮುಂದಿನ ಸೆಮಿಸ್ಟರಿನ ಪಠ್ಯಪಟ್ಟಿಯನ್ನು ಸೀನಿಯರ್ ಒಬ್ಬರಿಂದ ಮೊದಲೇ ಇಸಿದುಕೊಂಡೆ. ಈ ಸೆಮಿಸ್ಟರಿನ ಕೆಲಸದಿಂದ ಓಡಿಹೋಗಲು ಮುಂದಿನದರ ಪುಸ್ತಕಗಳನ್ನೇ ಓದುವುದು. ‘ಮರಳಿ ಮಣ್ಣಿಗೆ’ಯನ್ನು ಹಾಗೆ ಕದ್ದೇ ಓದಿದೆ, ಅದು ಪಠ್ಯವಾಗಿ ಎದುರು ಬಂದಾಗ ಮೂರು ತಲೆಮಾರಿನ ಆ ಕತೆ ಆಗಲೇ ನನ್ನೊಳಗಿತ್ತು, ಪ್ರಶ್ನೆಗೆ ತಕ್ಕ ಪುಟ ಹುಡುಕಿದರೆ ಸಾಕಿತ್ತು. ಕದ್ದು ಓದುವಾಗ ಅಡಿಗೆರೆ ಎಳೆಯಬಾರದು, ಎಳೆದ ತಕ್ಷಣ ಅದು ಕೆಲಸವಾಗಿಬಿಡುತ್ತದೆ. ಪ್ರಸ್ತಾರದ ಪೆನ್ಸಿಲಿಗೆ ಮಾತ್ರ ವಿನಾಯಿತಿ. ಪರೀಕ್ಷೆಯ ವಾರದಲ್ಲಿ ದಪ್ಪ ಪುಸ್ತಕ ಮುಟ್ಟಬಾರದು. ಆಗ ‘ಕರ್ವಾಲೊ’ದಂತಹ ತೆಳ್ಳನೆಯದು, ಅಥವಾ ಎನ್. ನರಸಿಂಹಯ್ಯನವರ ಪತ್ತೇದಾರಿ. ಪತ್ತೇದಾರ ಪುರುಷೋತ್ತಮ ನಮ್ಮ ಯಾವ ಪತ್ರಿಕೆಯಲ್ಲೂ ಇರಲಿಲ್ಲ, ಹಾಗಾಗಿ ಅವನ ರುಚಿ ಕೊನೆಯವರೆಗೂ ಕೆಡಲಿಲ್ಲ.

ಈ ಉಪಾಯ ನಡೆಯದ್ದು ವ್ಯಾಕರಣದ ಹತ್ತಿರ. ಕೇಶಿರಾಜನ ಶಬ್ದಮಣಿದರ್ಪಣವನ್ನು ಯಾವುದರಿಂದ ತಪ್ಪಿಸಿಕೊಳ್ಳಲೆಂದು ಓದಬೇಕೋ ನನಗಂತೂ ಹೊಳೆಯಲಿಲ್ಲ. ಅದಕ್ಕೆ ಬಾಯಿಪಾಠವೇ ಗತಿ. ಪುಣ್ಯಕ್ಕೆ ಸೂತ್ರಗಳು ಕಂದಪದ್ಯದಲ್ಲಿವೆ, ರಾಗ ಎಳೆದರೆ ನಾಲಿಗೆಗೆ ಹತ್ತುತ್ತವೆ. ಬೆಳಿಗ್ಗೆ ರೂಮ್‌ಮೇಟ್ ಸೂತ್ರ ಹೇಳುತ್ತಿದ್ದಳು, ನಾನು ಪ್ರಯೋಗ, ಅಂದರೆ ಅದರ ಉದಾಹರಣೆ, ಹೇಳಬೇಕು. ತಪ್ಪಿದವರು ಕ್ಯಾಂಟೀನಿನಲ್ಲಿ ಟೀ ಕೊಡಿಸಬೇಕು. ಅವಳು ಆ ಸೆಮಿಸ್ಟರಿನಲ್ಲಿ ಟೀಗೆ ದುಡ್ಡು ಕೊಟ್ಟದ್ದು ನನಗೆ ನೆನಪಿಲ್ಲ.